ಅಭಿವೃದ್ಧಿಶೀಲ ದೇಶಗಳ ನಡುವಣ ವ್ಯಾಪಾರ ಮತ್ತು ಆರ್ಥಿಕ ಸಹಕಾರ

ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕ ಹಾಗೂ ಕೆರಿಬಿಯನ್ ಮತ್ತು ಪೆಸಿಫಿಕ್ ದ್ವೀಪಗಳ ಅಭಿವೃದ್ಧಿಶೀಲ ದೇಶಗಳು ತಮ್ಮತಮ್ಮಲ್ಲೇ ನಡೆಸುವ ವ್ಯಾಪಾರ, ಕೊಟ್ಟು ತೆಗೆದುಕೊಳ್ಳುವ ಸಾಲ, ಹಂಚಿಕೊಳ್ಳುವ ತಂತ್ರಜ್ಞಾನ, ಒಬ್ಬರಿಗೊಬ್ಬರು ನೀಡುವ ಸುಂಕ ರಿಯಾಯಿತಿ ಇವೆಲ್ಲವನ್ನೂ ಒಟ್ಟಾಗಿ ‘ದಕ್ಷಿಣ–ದಕ್ಷಿಣ ಸಹಕಾರ’ ಎಂದು ಕರೆಯುವುದು ರೂಢಿ. ಆರು ದಶಕಗಳ ಹಿಂದೆ ಇದು ಹೆಚ್ಚಾಗಿ ಸಮ್ಮೇಳನದ ಭಾಷಣಗಳಲ್ಲಿ ಕೇಳಿಬರುತ್ತಿದ್ದ ಮಾತು. ಈಗ ಬಂದರುಗಳ ಲೆಕ್ಕದ ಪುಸ್ತಕದಲ್ಲೇ ಕಾಣಸಿಗುತ್ತದೆ. ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಂಸ್ಥೆಯಾದ ಅಂಕ್ಟಾಡ್ ಪ್ರಕಾರ, 1995ರಲ್ಲಿ ಸುಮಾರು 60,000 ಕೋಟಿ ಡಾಲರ್ ಇದ್ದ ಈ ದೇಶಗಳ ಪರಸ್ಪರ ಸರಕು ವ್ಯಾಪಾರ 2021ರಲ್ಲಿ 5.3 ಲಕ್ಷ ಕೋಟಿ ಡಾಲರ್‌ಗೆ ಏರಿತ್ತು.

ಈ ಅಂಕಿಯನ್ನು ನೋಡಿ ಹಿಗ್ಗುವ ಮೊದಲು ಅದರೊಳಗೆ ಯಾರ ಪಾಲು ಎಷ್ಟು ಎಂದು ಕೇಳಬೇಕು. ದೊಡ್ಡ ಪಾಲು ಚೀನಾ ಮತ್ತು ಅದರ ಸುತ್ತಲಿನ ಪೂರ್ವ ಏಷ್ಯಾದ ಕಾರ್ಖಾನೆಗಳದ್ದು. ಮಲೇಷ್ಯಾದಲ್ಲಿ ತಯಾರಾದ ಚಿಪ್ ಚೀನಾಕ್ಕೆ ಹೋಗಿ ಫೋನಿನೊಳಗೆ ಸೇರಿ, ಆ ಫೋನು ಕೊನೆಗೆ ಅಮೆರಿಕದ ಅಂಗಡಿಯಲ್ಲಿ ಮಾರಾಟವಾದರೂ ಮೊದಲ ಪ್ರಯಾಣ ದಕ್ಷಿಣ–ದಕ್ಷಿಣ ವ್ಯಾಪಾರದ ಖಾತೆಗೇ ಬೀಳುತ್ತದೆ. ಆಫ್ರಿಕಾದ ನೆರೆಹೊರೆಯ ಎರಡು ದೇಶಗಳ ನಡುವೆ ಅಥವಾ ಭಾರತ ಮತ್ತು ಪಾಕಿಸ್ತಾನದ ನಡುವೆ ಇಂಥ ಏರಿಕೆ ಆಗಿಲ್ಲ. ಹಾಗಾಗಿ ಈ ಸಹಕಾರವನ್ನು ಅರಿಯಬೇಕಾದರೆ ಒಟ್ಟು ಮೊತ್ತಕ್ಕಿಂತ ಒಂದೊಂದು ಸರಕಿನ ಕಥೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹಳೆಯ ದಾರಿಗಳು

ಈ ದೇಶಗಳು ಪರಸ್ಪರ ವ್ಯಾಪಾರ ಮಾಡುವುದು ಹೊಸದೇನಲ್ಲ. 12ನೇ ಶತಮಾನದಲ್ಲಿ ಟ್ಯುನೀಷಿಯಾ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಮಂಗಳೂರಿನಲ್ಲಿ ಹತ್ತಾರು ವರ್ಷ ನೆಲೆಸಿ, ಹಿತ್ತಾಳೆ ಪಾತ್ರೆಗಳ ಕಮ್ಮಟ ನಡೆಸುತ್ತ, ಏಡನ್‌ಗೆ ಮೆಣಸು, ಕಬ್ಬಿಣ ಕಳಿಸುತ್ತಿದ್ದ. ಅಲ್ಲಿಂದ ಅವನಿಗೆ ಕಾಗದ, ಸಕ್ಕರೆ, ಕರಗಿಸಲು ಹಳೆಯ ತಾಮ್ರ ಬರುತ್ತಿತ್ತು. ಅವನ ಪತ್ರಗಳು ಕೈರೋ ನಗರದ ಬೆನ್ ಎಜ್ರಾ ಸಿನಗಾಗ್‌ನ ಹಳೆ ಕಾಗದಗಳ ಕೋಣೆಯಲ್ಲಿ ಉಳಿದುಕೊಂಡದ್ದರಿಂದ ಈ ವಿವರ ನಮಗೆ ದಕ್ಕಿದೆ. ಮುಂದೆ ವಿಜಯನಗರದ ದಂಡಿಗೆ ಬೇಕಾದ ಕುದುರೆಗಳು ಹೊರ್ಮುಜ್‌ನಿಂದ ಭಟ್ಕಳಕ್ಕೆ ಹಡಗಿನಲ್ಲಿ ಬಂದವು.

ವಸಾಹತು ಆಳ್ವಿಕೆ ಈ ದಾರಿಗಳನ್ನು ತಿರುಗಿಸಿತು. ಗಣಿಯಿಂದ ಬಂದರಿಗೆ, ತೋಟದಿಂದ ಬಂದರಿಗೆ ರೈಲು ಹಳಿ ಬಿತ್ತು; ಪಕ್ಕದ ನಾಡಿಗೆ ಬೀಳಲಿಲ್ಲ. ಬ್ಯಾಂಕು, ವಿಮೆ, ಹಡಗು ಕಂಪನಿ ಎಲ್ಲವೂ ಲಂಡನ್, ಪ್ಯಾರಿಸ್, ಲಿಸ್ಬನ್ನಿನತ್ತ ಮುಖ ಮಾಡಿದವು. ಸ್ವಾತಂತ್ರ್ಯ ಬಂದಾಗ ಹೊಸ ದೇಶಗಳ ಕೈಗೆ ಸಿಕ್ಕಿದ್ದು ಹಳೆಯ ಯಜಮಾನನಿಗೆ ಮಾತ್ರ ಸರಕು ಮಾರಲು ಒಗ್ಗುವ ಆರ್ಥಿಕತೆ. ದಕ್ಷಿಣ–ದಕ್ಷಿಣ ಸಹಕಾರದ ಮುಕ್ಕಾಲು ಪಾಲು ತೊಡಕುಗಳ ಬೇರು ಇಲ್ಲಿದೆ.

ಬಾಂಡುಂಗ್‌ನಿಂದ ಜಿನೀವಾಕ್ಕೆ

1955ರ ಏಪ್ರಿಲ್‌ನಲ್ಲಿ ಇಂಡೊನೇಷ್ಯಾದ ಬಾಂಡುಂಗ್‌ನಲ್ಲಿ ಏಷ್ಯಾ ಮತ್ತು ಆಫ್ರಿಕಾದ 29 ದೇಶಗಳು ಸೇರಿದವು. ನೆಹರೂ, ಸುಕರ್ಣೊ, ನಾಸೆರ್, ಚೌ ಎನ್‌ಲಾಯ್ ಅವರ ಭಾಷಣಗಳಿಂದಾಗಿ ಆ ಸಭೆ ರಾಜಕೀಯ ಘಟನೆಯಾಗಿಯೇ ನೆನಪಿನಲ್ಲಿ ಉಳಿದಿದೆ. ಆದರೆ ಅದರ ಅಂತಿಮ ಹೇಳಿಕೆಯ ಮೊಟ್ಟಮೊದಲ ಭಾಗ ಆರ್ಥಿಕ ಸಹಕಾರದ್ದು. ಕಚ್ಚಾ ಸರಕಿನ ಬೆಲೆ ಸ್ಥಿರಗೊಳಿಸುವುದು, ಹೊರಗೆ ಕಳಿಸುವ ಮೊದಲು ಅದನ್ನು ಸಂಸ್ಕರಿಸುವುದು, ತಜ್ಞರ ವಿನಿಮಯ, ಹಡಗು ಸಾಗಣೆಯ ದರ ಎಲ್ಲವೂ ಅದರಲ್ಲಿವೆ.

ಈ ಚಿಂತನೆಗೆ ಅರ್ಥಶಾಸ್ತ್ರದ ಅಡಿಪಾಯ ಹಾಕಿದವರು ಅರ್ಜೆಂಟೀನಾದ ರಾವುಲ್ ಪ್ರೆಬಿಶ್. ಚಿಲಿಯ ಸಾಂಟಿಯಾಗೊದಲ್ಲಿದ್ದ ವಿಶ್ವಸಂಸ್ಥೆಯ ಲ್ಯಾಟಿನ್ ಅಮೆರಿಕ ಆರ್ಥಿಕ ಆಯೋಗದಲ್ಲಿದ್ದಾಗ ಅವರು ಒಂದು ವಾದ ಮುಂದಿಟ್ಟರು: ಕಾಫಿ, ತಾಮ್ರ, ಗೋಧಿಯಂಥ ಸರಕುಗಳ ಬೆಲೆ ದೀರ್ಘಕಾಲದಲ್ಲಿ ಯಂತ್ರಗಳ ಬೆಲೆಗೆ ಹೋಲಿಸಿದರೆ ಇಳಿಯುತ್ತಲೇ ಹೋಗುತ್ತದೆ, ಹಾಗಾಗಿ ಅದೇ ಒಂದು ಟ್ರ್ಯಾಕ್ಟರ್ ಕೊಳ್ಳಲು ರೈತ ದೇಶ ವರ್ಷವರ್ಷವೂ ಹೆಚ್ಚು ಮೂಟೆ ಕೊಡಬೇಕಾಗುತ್ತದೆ. ಅದೇ ಹೊತ್ತಿಗೆ ಅರ್ಥಶಾಸ್ತ್ರಜ್ಞ ಹ್ಯಾನ್ಸ್ ಸಿಂಗರ್ ಕೂಡ ಇದೇ ತೀರ್ಮಾನಕ್ಕೆ ಬಂದಿದ್ದರು. 1964ರಲ್ಲಿ ಜಿನೀವಾದಲ್ಲಿ ಅಂಕ್ಟಾಡ್‌ನ ಮೊದಲ ಸಮ್ಮೇಳನ ಸೇರಿದಾಗ ಪ್ರೆಬಿಶ್ ಅವರೇ ಅದರ ಮಹಾಕಾರ್ಯದರ್ಶಿ. ಆ ವರ್ಷದ ಜೂನ್ 15ರಂದು ಅಲ್ಲಿದ್ದ 77 ಅಭಿವೃದ್ಧಿಶೀಲ ದೇಶಗಳು ಜಂಟಿ ಹೇಳಿಕೆ ಹೊರಡಿಸಿದವು. ‘77ರ ಗುಂಪು’ ಹುಟ್ಟಿದ್ದು ಹೀಗೆ. ಈಗ ಸದಸ್ಯರ ಸಂಖ್ಯೆ 134 ಆಗಿದೆ, ಹೆಸರು ಮಾತ್ರ ಹಾಗೇ ಇದೆ.

1968ರಲ್ಲಿ ಅಂಕ್ಟಾಡ್‌ನ ಎರಡನೇ ಸಮ್ಮೇಳನ ನಡೆದದ್ದು ದೆಹಲಿಯಲ್ಲಿ. 1974ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ‘ಹೊಸ ಅಂತರರಾಷ್ಟ್ರೀಯ ಆರ್ಥಿಕ ವ್ಯವಸ್ಥೆ’ಯ ಘೋಷಣೆಗೆ ಒಪ್ಪಿಗೆ ಕೊಟ್ಟಿತು. 1978ರ ಬ್ಯೂನಸ್ ಐರಿಸ್ ಕಾರ್ಯಯೋಜನೆ ತಾಂತ್ರಿಕ ಸಹಕಾರಕ್ಕೆ ಚೌಕಟ್ಟು ಕೊಟ್ಟಿತು. ಠರಾವುಗಳಿಗೇನೂ ಬರವಿರಲಿಲ್ಲ. ಇವನ್ನೆಲ್ಲ ಒಟ್ಟಾಗಿ ತೂಗಿ ನೋಡುವ ಕೆಲಸಕ್ಕೆ ತಾಂಜಾನಿಯಾದ ಜೂಲಿಯಸ್ ನೈರೇರೆ ಅಧ್ಯಕ್ಷತೆಯ ದಕ್ಷಿಣ ಆಯೋಗ 1987ರಲ್ಲಿ ಕೈಹಾಕಿತು. ಅದರ ಪ್ರಧಾನ ಕಾರ್ಯದರ್ಶಿಯಾಗಿ ಜಿನೀವಾದಲ್ಲಿ ಕೂತು ದುಡಿದವರು ಮನಮೋಹನ್ ಸಿಂಗ್. 1990ರಲ್ಲಿ ವರದಿ ಬಂತು. ಮರುವರ್ಷವೇ ಸಿಂಗ್ ಭಾರತದ ಹಣಕಾಸು ಸಚಿವರಾಗಿ ದೇಶದ ಬಾಗಿಲುಗಳನ್ನು ಇಡೀ ಜಗತ್ತಿಗೇ ತೆರೆದರು.

ಬೆಲೆ ಕಟ್ಟುವ ಆಸೆ

ಒಟ್ಟಾಗಿ ನಿಂತರೆ ಬೆಲೆಯನ್ನು ತಾವೇ ನಿರ್ಧರಿಸಬಹುದು ಎಂಬ ಆಸೆಗೆ ಬಲ ಕೊಟ್ಟದ್ದು ತೈಲ ರಫ್ತು ದೇಶಗಳ ಸಂಘಟನೆಯಾದ ಒಪೆಕ್. ಇರಾನ್, ಇರಾಕ್, ಕುವೈತ್, ಸೌದಿ ಅರೇಬಿಯಾ, ವೆನಿಜುವೆಲಾ ಸೇರಿ 1960ರ ಸೆಪ್ಟೆಂಬರ್‌ನಲ್ಲಿ ಬಾಗ್ದಾದ್‌ನಲ್ಲಿ ಕಟ್ಟಿದ ಈ ಸಂಘಟನೆಯ ಬಲ 1973–74ರಲ್ಲಿ ಜಗತ್ತಿಗೆ ತಿಳಿಯಿತು. ತೈಲದ ಬೆಲೆ ಕೆಲವೇ ತಿಂಗಳಲ್ಲಿ ನಾಲ್ಕು ಪಟ್ಟಾಯಿತು. ಅದರ ಪೆಟ್ಟು ಹೆಚ್ಚು ತಗುಲಿದ್ದು ತೈಲ ಆಮದು ಮಾಡುವ ಭಾರತ, ಕೀನ್ಯಾ, ಬ್ರೆಜಿಲ್‌ನಂಥ ಅಭಿವೃದ್ಧಿಶೀಲ ದೇಶಗಳಿಗೇ. ಒಂದು ಅಭಿವೃದ್ಧಿಶೀಲ ದೇಶದ ಲಾಭ ಇನ್ನೊಂದರ ನಷ್ಟವಾಗಬಹುದು ಎಂಬ ಪಾಠ ಆಗಲೇ ಸಿಕ್ಕಿತ್ತು.

ಕಾಫಿಯ ಕಥೆ ಬೇರೆ. 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದದಲ್ಲಿ ಬೆಳೆಯುವ ದೇಶಗಳ ಜತೆ ಕುಡಿಯುವ ದೇಶಗಳೂ ಇದ್ದವು. ಪ್ರತಿ ದೇಶ ಎಷ್ಟು ರಫ್ತು ಮಾಡಬೇಕೆಂಬ ಕೋಟಾ ಇತ್ತು. 1989ರ ಜುಲೈಯಲ್ಲಿ ಕೋಟಾ ವ್ಯವಸ್ಥೆ ಕುಸಿದುಬಿತ್ತು, ಬೆಲೆಯೂ ಜತೆಗೇ ಬಿತ್ತು. ಬೆಳೆಗಾರ ದೇಶಗಳು 1993ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡು ಕಾಫಿ ತಡೆಹಿಡಿಯಲು ನೋಡಿದವು. ಅಷ್ಟರಲ್ಲಿ ವಿಯೆಟ್ನಾಂ ಎಂಬ ಹೊಸ ಬೆಳೆಗಾರ ದೇಶ ರೊಬಸ್ಟಾ ಕಾಫಿಯನ್ನು ರಾಶಿ ರಾಶಿಯಾಗಿ ಮಾರುಕಟ್ಟೆಗೆ ಸುರಿಯತೊಡಗಿತ್ತು. ಸಂಘ ಹೆಚ್ಚು ದಿನ ಬಾಳಲಿಲ್ಲ. 2000ರಿಂದ 2002ರವರೆಗಿನ ಬೆಲೆ ಕುಸಿತವನ್ನು ಕೊಡಗು, ಚಿಕ್ಕಮಗಳೂರಿನ ಬೆಳೆಗಾರರು ಇಂದಿಗೂ ಮರೆತಿಲ್ಲ. ತೀರ ಈಚಿನ ಯತ್ನ ಕೋಕೋದ್ದು: ಜಗತ್ತಿನ ಕೋಕೋದಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುವ ಐವರಿ ಕೋಸ್ಟ್ ಮತ್ತು ಘಾನಾ 2019ರಲ್ಲಿ ಒಂದಾಗಿ, ರೈತನ ಬದುಕಿಗಾಗಿ ಟನ್ನಿಗೆ 400 ಡಾಲರ್ ಹೆಚ್ಚುವರಿ ಕೊಡಬೇಕೆಂದು ಚಾಕೊಲೇಟ್ ಕಂಪನಿಗಳಿಗೆ ಷರತ್ತು ಹಾಕಿದವು.

ಸುಂಕದ ರಿಯಾಯಿತಿಗಳು

ಭಾರತ, ಈಜಿಪ್ಟ್ ಮತ್ತು ಯುಗೊಸ್ಲಾವಿಯಾ 1967ರಲ್ಲಿ ಮಾಡಿಕೊಂಡ ತ್ರಿಪಕ್ಷೀಯ ಒಪ್ಪಂದ, 1975ರ ಬ್ಯಾಂಕಾಕ್ ಒಪ್ಪಂದ, 1988ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಸಹಿಯಾದ ಜಾಗತಿಕ ವ್ಯಾಪಾರ ಆದ್ಯತಾ ವ್ಯವಸ್ಥೆ ಇವು ಪರಸ್ಪರ ಸುಂಕ ರಿಯಾಯಿತಿಯ ದಾರಿಯ ಮೈಲಿಗಲ್ಲುಗಳು. ಜಾಗತಿಕ ವ್ಯಾಪಾರ ಒಪ್ಪಂದವಾದ ಗ್ಯಾಟ್‌ನ ನಿಯಮದಂತೆ ಒಬ್ಬರಿಗೆ ಕೊಟ್ಟ ರಿಯಾಯಿತಿಯನ್ನು ಎಲ್ಲರಿಗೂ ಕೊಡಬೇಕು; ಅಭಿವೃದ್ಧಿಶೀಲ ದೇಶಗಳು ತಮ್ಮೊಳಗೆ ಮಾತ್ರ ರಿಯಾಯಿತಿ ಕೊಟ್ಟುಕೊಳ್ಳಲು 1979ರಲ್ಲಿ ಇದಕ್ಕೆ ವಿನಾಯಿತಿ ಸಿಕ್ಕಿತು. ಫಲ ಮಾತ್ರ ತೆಳುವಾಗಿತ್ತು. ರಿಯಾಯಿತಿಯ ಪಟ್ಟಿಯಲ್ಲಿ ಇರುತ್ತಿದ್ದದ್ದು ಯಾರೂ ಹೆಚ್ಚು ಮಾರದ ಸರಕು, ಹೊರಗೆ ಉಳಿಯುತ್ತಿದ್ದದ್ದು ಎಲ್ಲರೂ ಮಾರಬಯಸುವ ಸರಕು. 2010ರಲ್ಲಿ ಬ್ರೆಜಿಲ್‌ನ ಫೋಸ್ ದೊ ಇಗ್ವಾಸುವಿನಲ್ಲಿ ಮುಗಿದ, ಜಾಗತಿಕ ಆದ್ಯತಾ ವ್ಯವಸ್ಥೆಯ ಸಾವೊ ಪೌಲೊ ಸುತ್ತಿನ ಮಾತುಕತೆಯಲ್ಲಿ ಶೇ 70ರಷ್ಟು ಸರಕುಗಳ ಸುಂಕವನ್ನು ಶೇ 20ರಷ್ಟು ಇಳಿಸಲು ಒಪ್ಪಿದ್ದು ಇದ್ದುದರಲ್ಲಿ ದೊಡ್ಡ ಹೆಜ್ಜೆ.

ಪ್ರಾದೇಶಿಕ ಕೂಟಗಳು ಇದಕ್ಕಿಂತ ಹೆಚ್ಚು ಕೆಲಸ ಮಾಡಿವೆ, ಎಲ್ಲ ಕಡೆ ಒಂದೇ ರೀತಿ ಅಲ್ಲ. 1967ರಲ್ಲಿ ಹುಟ್ಟಿದ ಆಗ್ನೇಯ ಏಷ್ಯಾದ ಕೂಟ ಆಸಿಯಾನ್‌ನ ಸದಸ್ಯರ ಒಟ್ಟು ವ್ಯಾಪಾರದಲ್ಲಿ ಕಾಲು ಭಾಗದ ಆಸುಪಾಸು ಅವರವರ ನಡುವೆಯೇ ನಡೆಯುತ್ತದೆ. 1991ರಲ್ಲಿ ಬ್ರೆಜಿಲ್, ಅರ್ಜೆಂಟೀನಾ, ಉರುಗ್ವೆ, ಪರಾಗ್ವೆ ಕಟ್ಟಿಕೊಂಡ ಮರ್ಕೊಸೂರ್ ಕಾರು ಮತ್ತು ಬಿಡಿಭಾಗಗಳ ವ್ಯಾಪಾರದಿಂದ ಉಸಿರಾಡುತ್ತಿದೆ. ಆಫ್ರಿಕಾ ಖಂಡದ ಮುಕ್ತ ವ್ಯಾಪಾರ ಒಪ್ಪಂದಕ್ಕೆ 2018ರ ಮಾರ್ಚ್‌ನಲ್ಲಿ ಕಿಗಾಲಿಯಲ್ಲಿ ಸಹಿ ಬಿತ್ತು. ಎರಿಟ್ರಿಯಾ ಬಿಟ್ಟು 54 ದೇಶಗಳು ಅದರಲ್ಲಿವೆ, ಕಚೇರಿ ಘಾನಾದ ಅಕ್ರಾದಲ್ಲಿದೆ, 2021ರ ಜನವರಿ 1ರಂದು ಅದರಡಿ ವ್ಯಾಪಾರ ಅಧಿಕೃತವಾಗಿ ಶುರುವಾಯಿತು. ಕಾಗದ ಸಿದ್ಧವಾಗಿದೆ, ರಸ್ತೆ, ಗೋದಾಮು, ಗಡಿಯ ಕಚೇರಿಗಳು ಸಿದ್ಧವಾಗುತ್ತಿವೆ. ಜಾಂಬಿಯಾ ಮತ್ತು ಜಿಂಬಾಬ್ವೆ ನಡುವಿನ ಚಿರುಂಡುವಿನಲ್ಲಿ 2009ರಲ್ಲೇ ಎರಡು ದೇಶಗಳ ತಪಾಸಣೆಯನ್ನು ಒಂದೇ ಕಡೆ ಮುಗಿಸುವ ವ್ಯವಸ್ಥೆ ಬಂದು ಲಾರಿಗಳು ಕಾಯುವ ಹೊತ್ತು ಗಣನೀಯವಾಗಿ ಕಡಿಮೆಯಾಗಿತ್ತು.

ದಕ್ಷಿಣ ಏಷ್ಯಾದ ವಿಚಿತ್ರ

ದಕ್ಷಿಣ ಏಷ್ಯಾ ದೇಶಗಳ ಕೂಟವಾದ ಸಾರ್ಕ್ 1985ರ ಡಿಸೆಂಬರ್‌ನಲ್ಲಿ ಢಾಕಾದಲ್ಲಿ ಹುಟ್ಟಿತು. ಅದರ ಎರಡನೇ ಶೃಂಗಸಭೆ ನಡೆದದ್ದು 1986ರ ನವೆಂಬರ್ 16 ಮತ್ತು 17ರಂದು ಬೆಂಗಳೂರಿನಲ್ಲಿ. ಕಾಠ್ಮಂಡುವಿನಲ್ಲಿ ಸಾರ್ಕ್ ಸಚಿವಾಲಯ ಸ್ಥಾಪಿಸುವ ಒಪ್ಪಂದಕ್ಕೆ ಸಹಿ ಬಿದ್ದದ್ದು ಇಲ್ಲಿಯೇ. ಮುಕ್ತ ವ್ಯಾಪಾರ ಒಪ್ಪಂದವಾದ ಸಾಫ್ಟಾ 2006ರಲ್ಲಿ ಜಾರಿಗೆ ಬಂತು. ಇಷ್ಟಾದರೂ ಈ ದೇಶಗಳ ಒಟ್ಟು ವ್ಯಾಪಾರದಲ್ಲಿ ಪರಸ್ಪರ ವ್ಯಾಪಾರದ ಪಾಲು ಶೇ 5ರ ಸುತ್ತಮುತ್ತಲೇ ನಿಂತಿದೆ. ಭಾರತಕ್ಕೆ ನೆರೆಯ ಪಾಕಿಸ್ತಾನದ ಜತೆ ವ್ಯಾಪಾರ ಮಾಡುವುದಕ್ಕಿಂತ ಸಾಗರದಾಚೆಯ ಬ್ರೆಜಿಲ್ ಜತೆ ಮಾಡುವುದು ಸುಮಾರು ಶೇ 20ರಷ್ಟು ಅಗ್ಗ ಎಂದು ವಿಶ್ವಬ್ಯಾಂಕ್ 2018ರ ವರದಿಯಲ್ಲಿ ಲೆಕ್ಕ ಹಾಕಿತ್ತು. ಮರುವರ್ಷ ಪುಲ್ವಾಮಾ ದಾಳಿಯ ನಂತರ ಭಾರತ ಪಾಕಿಸ್ತಾನದ ಸರಕಿಗೆ ಶೇ 200 ಸುಂಕ ಹಾಕಿತು, ಆಗಸ್ಟ್‌ನಲ್ಲಿ ಪಾಕಿಸ್ತಾನ ವ್ಯಾಪಾರವನ್ನೇ ನಿಲ್ಲಿಸಿತು. ಸಾರ್ಕ್ ನಾಯಕರು ಕೊನೆಯದಾಗಿ ಒಂದೆಡೆ ಸೇರಿದ್ದು 2014ರಲ್ಲಿ.

ಜಗಳವಿಲ್ಲದ ಗಡಿಯಲ್ಲೂ ಪರಿಸ್ಥಿತಿ ಅಷ್ಟೇನೂ ಸುಗಮವಾಗಿಲ್ಲ. ಪಶ್ಚಿಮ ಬಂಗಾಳದ ಪೆಟ್ರಾಪೋಲ್ ಗಡಿಯಲ್ಲಿ ಲಾರಿಗಳು ದಿನಗಟ್ಟಲೆ ಸಾಲು ನಿಲ್ಲುವುದುಂಟು. ಭಾರತದ ಲಾರಿ ಆಚೆಯ ಬೆನಾಪೋಲ್‌ವರೆಗೆ ಹೋಗಿ ಸರಕು ಇಳಿಸಬೇಕು, ಅಲ್ಲಿಂದ ಬಾಂಗ್ಲಾದೇಶದ ಲಾರಿ ಹೇರಿಕೊಂಡು ಹೊರಡಬೇಕು. ಇಳಿಸುವ ಕೂಲಿ, ಏರಿಸುವ ಕೂಲಿ, ಕಾಯುವ ಬಾಡಿಗೆ ಎಲ್ಲವೂ ಸರಕಿನ ಬೆಲೆಗೆ ಸೇರಿಕೊಳ್ಳುತ್ತವೆ. ಸುಂಕ ಸೊನ್ನೆಯಾದರೂ ಈ ಖರ್ಚು ಸೊನ್ನೆಯಾಗುವುದಿಲ್ಲ.

ವಿದ್ಯುತ್ತಿಗೆ ಲಾರಿ ಬೇಡ. ದಕ್ಷಿಣ ಏಷ್ಯಾದಲ್ಲಿ ಅತಿ ಚೆನ್ನಾಗಿ ನಡೆದಿರುವ ಸಹಕಾರ ಬಹುಶಃ ಇದೇ. ಭಾರತದ ನೆರವಿನಿಂದ ಭೂತಾನ್‌ನಲ್ಲಿ 1980ರ ದಶಕದಲ್ಲಿ ಎದ್ದ 336 ಮೆಗಾವಾಟ್‌ನ ಚುಖಾ ಜಲವಿದ್ಯುತ್ ಯೋಜನೆ, ಅದರ ನಂತರದ ತಾಲಾ ಮತ್ತು ಮಾಂಗ್ದೆಛು ಯೋಜನೆಗಳು ಆ ಪುಟ್ಟ ದೇಶದ ಬೊಕ್ಕಸಕ್ಕೆ ಆಧಾರವಾದವು. ಹೆಚ್ಚುವರಿ ವಿದ್ಯುತ್ ಭಾರತಕ್ಕೆ ಹರಿಯುತ್ತದೆ. 2024ರ ನವೆಂಬರ್‌ನಲ್ಲಿ ನೇಪಾಳದ 40 ಮೆಗಾವಾಟ್ ವಿದ್ಯುತ್ ಭಾರತದ ತಂತಿಯ ಮೂಲಕ ಬಾಂಗ್ಲಾದೇಶ ತಲುಪಿತು. ಮೂರು ದೇಶಗಳ ಮಟ್ಟಿಗೆ ಇದು ಮೊದಲು.

ಮೆಣಸು ಎಲ್ಲಿಯದು?

ಭಾರತ–ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದ 1998ರ ಡಿಸೆಂಬರ್‌ನಲ್ಲಿ ಆಯಿತು, 2000ದ ಮಾರ್ಚ್‌ನಲ್ಲಿ ಜಾರಿಗೆ ಬಂತು. ಸುಂಕವಿಲ್ಲದ ಬಾಗಿಲು ಕಂಡೊಡನೆ ಜಾಣರು ಬಂದೇ ಬರುತ್ತಾರೆ. ಶ್ರೀಲಂಕಾದಲ್ಲಿ ತಾಳೆ ಎಣ್ಣೆಯ ಉತ್ಪಾದನೆ ಅಷ್ಟಕ್ಕಷ್ಟೆ. ಆದರೂ ಮಲೇಷ್ಯಾ, ಇಂಡೊನೇಷ್ಯಾದ ತಾಳೆ ಎಣ್ಣೆಯನ್ನು ತರಿಸಿ, ಅಲ್ಲಿ ವನಸ್ಪತಿ ಮಾಡಿ, ಭಾರತಕ್ಕೆ ಸುಂಕವಿಲ್ಲದೆ ಕಳಿಸುವ ಕಾರ್ಖಾನೆಗಳು ಕೆಲವೇ ವರ್ಷಗಳಲ್ಲಿ ತಲೆಯೆತ್ತಿದವು. ಭಾರತ ಮಿತಿ ಹೇರಿದ ಮೇಲೆ ಅಷ್ಟೇ ಬೇಗ ಮುಚ್ಚಿದವು.

ಕರ್ನಾಟಕಕ್ಕೆ ನೇರವಾಗಿ ತಟ್ಟಿದ್ದು ಕಾಳುಮೆಣಸು. ಶ್ರೀಲಂಕಾದಿಂದ ವರ್ಷಕ್ಕೆ 2,500 ಟನ್ ಮೆಣಸು ಸುಂಕವಿಲ್ಲದೆ ಬರಬಹುದು, ಅದರ ಮೇಲಿನದಕ್ಕೂ ಸಾಫ್ಟಾ ಅಡಿ ಕಡಿಮೆ ಸುಂಕ. ವಿಯೆಟ್ನಾಂ ಜಗತ್ತಿನಲ್ಲೇ ಅತಿ ಹೆಚ್ಚು ಮೆಣಸು ಬೆಳೆಯುವ ದೇಶ; ಅದರ ಅಗ್ಗದ ಮೆಣಸು ಶ್ರೀಲಂಕಾದ ಮೂಲ ಪ್ರಮಾಣಪತ್ರ ಹೊತ್ತು ಭಾರತಕ್ಕೆ ನುಗ್ಗುತ್ತಿದೆ ಎಂಬುದು ಕೊಡಗು, ಹಾಸನ, ಚಿಕ್ಕಮಗಳೂರಿನ ಬೆಳೆಗಾರರ ದೂರು. ಕಾಫಿ ತೋಟದ ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಅವರಿಗೆ ಕಾಫಿ ಕೈಕೊಟ್ಟ ವರ್ಷದ ಆಪದ್ಧನ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಆಮದು ಮೆಣಸಿಗೆ ಕಿಲೋಗೆ 500 ರೂಪಾಯಿಯ ಕನಿಷ್ಠ ಬೆಲೆ ನಿಗದಿ ಮಾಡಿತು. ಸರಕಿನ ಮೂಲ ಯಾವ ದೇಶ, ಅಲ್ಲಿ ಎಷ್ಟು ಪಾಲು ಮೌಲ್ಯ ಸೇರಿರಬೇಕು ಎಂಬ ಮೂಲ ನಿಯಮಗಳು ಒಪ್ಪಂದದ ಕೊನೆಯಲ್ಲಿ ಬರುವ ಸಣ್ಣ ಅಕ್ಷರದ ಪುಟಗಳು. ಜಗಳವೆಲ್ಲ ಹುಟ್ಟುವುದು ಆ ಪುಟಗಳಲ್ಲೇ.

ಕಲಬುರಗಿಯ ತೊಗರಿ, ಮೊಜಾಂಬಿಕ್‌ನ ತೊಗರಿ

2015ರ ಅಕ್ಟೋಬರ್ ಹೊತ್ತಿಗೆ ತೊಗರಿ ಬೇಳೆಯ ಬೆಲೆ ಕಿಲೋಗೆ 200 ರೂಪಾಯಿ ಮುಟ್ಟಿತ್ತು. ಸತತ ಎರಡು ವರ್ಷ ಮಳೆ ಕೈಕೊಟ್ಟಿತ್ತು, ಹೋಟೆಲಿನ ಸಾಂಬಾರು ತೆಳ್ಳಗಾಗಿತ್ತು. 2016ರ ಜುಲೈಯಲ್ಲಿ ಭಾರತ ಮೊಜಾಂಬಿಕ್ ಜತೆ ಒಂದು ತಿಳಿವಳಿಕೆ ಪತ್ರಕ್ಕೆ ಸಹಿ ಹಾಕಿತು: ಮೊದಲ ವರ್ಷ 1 ಲಕ್ಷ ಟನ್, ಐದನೇ ವರ್ಷಕ್ಕೆ 2 ಲಕ್ಷ ಟನ್ ತೊಗರಿ ಮತ್ತಿತರ ಬೇಳೆಕಾಳು ಭಾರತಕ್ಕೆ ಬರಬೇಕು.

ಲೆಕ್ಕ ಸೊಗಸಾಗಿತ್ತು. ಭೂಮಧ್ಯರೇಖೆಯ ಆಚೆಯ ಮೊಜಾಂಬಿಕ್‌ನಲ್ಲಿ ತೊಗರಿ ಕೊಯ್ಲು ಆಗಸ್ಟ್ ಸುಮಾರಿಗೆ. ನಕಾಲಾ ಬಂದರಿನಿಂದ ಹೊರಟ ಹಡಗು ಭಾರತ ಮುಟ್ಟುವುದು ಇಲ್ಲಿನ ಹಳೆ ದಾಸ್ತಾನು ಮುಗಿದು ಹೊಸ ಫಸಲು ಬರದಿರುವ ನಡುಗಾಲದಲ್ಲಿ. ಮೊಜಾಂಬಿಕ್‌ನ ಜನ ತೊಗರಿ ತಿನ್ನುವುದು ಕಡಿಮೆ, ಬೆಳೆದದ್ದರಲ್ಲಿ ಬಹುಪಾಲು ಭಾರತಕ್ಕೇ ಎಂದು ಬೆಳೆಯುತ್ತಾರೆ. ಕೊಳ್ಳುವವನಿಗೂ ಅನುಕೂಲ, ಮಾರುವವನಿಗೂ ಅನುಕೂಲ.

ಆದರೆ ಬೆಲೆ ಏರಿದ್ದನ್ನು ಕಂಡದ್ದು ಮೊಜಾಂಬಿಕ್‌ನ ರೈತ ಮಾತ್ರವಲ್ಲ. ಕಲಬುರಗಿ, ವಿಜಯಪುರ, ಯಾದಗಿರಿ, ಪಕ್ಕದ ಮರಾಠವಾಡದ ರೈತರೂ 2016ರ ಮುಂಗಾರಿನಲ್ಲಿ ಎಲ್ಲೆಲ್ಲೂ ತೊಗರಿಯನ್ನೇ ಬಿತ್ತಿದರು. ಮಳೆಯೂ ಒಲಿಯಿತು. ಹಿಂದಿನ ವರ್ಷ ಸುಮಾರು 25 ಲಕ್ಷ ಟನ್ ಇದ್ದ ದೇಶದ ಉತ್ಪಾದನೆ 48 ಲಕ್ಷ ಟನ್ ದಾಟಿತು. ಅದೇ ಹೊತ್ತಿಗೆ ಸುಮಾರು 7 ಲಕ್ಷ ಟನ್ ಆಮದು ಕೂಡ ಬಂದು ಬಿದ್ದಿತ್ತು. ಎಪಿಎಂಸಿಗಳಲ್ಲಿ ಧಾರಣೆ ಬೆಂಬಲ ಬೆಲೆಯಾದ ಕ್ವಿಂಟಲ್‌ಗೆ 5,050 ರೂಪಾಯಿಗಿಂತ ಕೆಳಗಿಳಿಯಿತು. ಖರೀದಿ ಕೇಂದ್ರದ ಮುಂದೆ ಚೀಲ ಹೇರಿದ ಟ್ರ್ಯಾಕ್ಟರ್‌ಗಳು ಸಾಲುಗಟ್ಟಿದವು. 2017ರ ಆಗಸ್ಟ್‌ನಲ್ಲಿ ಸರ್ಕಾರ ತೊಗರಿ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ ಮಿತಿ ಹೇರಿತು. ಒಪ್ಪಂದವಿದ್ದ ಕಾರಣ ಮೊಜಾಂಬಿಕ್‌ನ ಪಾಲನ್ನು ಈ ಮಿತಿಯಿಂದ ಹೊರಗಿಟ್ಟರೂ ಮಾರುಕಟ್ಟೆ ಒಮ್ಮೆ ಹೆದರಿದ ಮೇಲೆ ಆಫ್ರಿಕಾದ ಹಳ್ಳಿಗಳಲ್ಲೂ ಬೆಲೆ ನೆಲಕಚ್ಚಿತು. ಭಾರತವನ್ನು ನಂಬಿ ಬಿತ್ತಿದವರಿಗೆ ಕೊಳ್ಳುವವರಿಲ್ಲದಂತಾಯಿತು.

ಇಲ್ಲಿ ಯಾರೂ ಮೋಸ ಮಾಡಲಿಲ್ಲ. ಬೆಂಗಳೂರಿನ ಗೃಹಿಣಿಗೆ ಬೇಳೆ ಅಗ್ಗವಾಗಬೇಕು, ಕಲಬುರಗಿ ಜಿಲ್ಲೆಯ ಆಳಂದದ ರೈತನಿಗೆ ದುಬಾರಿಯಾಗಬೇಕು, ಮೊಜಾಂಬಿಕ್‌ನ ನಂಪುಲಾದ ರೈತನಿಗೆ ಬೆಲೆ ಸ್ಥಿರವಾಗಿರಬೇಕು. ದೆಹಲಿಯ ಒಂದು ಅಧಿಸೂಚನೆಯಿಂದ ಮೂವರೂ ಸಂತೋಷವಾಗಿರುವುದು ಸಾಧ್ಯವಿಲ್ಲ. ತಪ್ಪೆಂದರೆ ಒಪ್ಪಂದದಲ್ಲಿ ಪ್ರಮಾಣದ ಮಾತಿತ್ತು, ಬೆಲೆಯ ಮಾತಿರಲಿಲ್ಲ. 2021ರಲ್ಲಿ ಅದೇ ಒಪ್ಪಂದವನ್ನು ಇನ್ನೂ ಐದು ವರ್ಷ ಮುಂದುವರಿಸಲಾಯಿತು. ಮಲಾವಿ ಮತ್ತು ಮ್ಯಾನ್ಮಾರ್ ಜತೆಗೂ ಅಂಥದೇ ಪತ್ರಗಳಾದವು.

ಹಣ ಮತ್ತು ಸಾಲ

ಕೀನ್ಯಾದವನು ಉಗಾಂಡಾದವನಿಂದ ಕೊಂಡರೂ, ಭಾರತೀಯ ಮ್ಯಾನ್ಮಾರ್‌ನ ಬೇಳೆ ಕೊಂಡರೂ ನಡುವೆ ಡಾಲರ್ ಬೇಕು ಎಂಬುದು ಹಳೆಯ ಸಂಕಟ. ಡಾಲರ್ ಉಳಿಸಲೆಂದು 1974ರಲ್ಲಿ ಏಷ್ಯನ್ ಕ್ಲಿಯರಿಂಗ್ ಯೂನಿಯನ್ ಹುಟ್ಟಿತು. ಟೆಹರಾನ್‌ನಲ್ಲಿ ಕಚೇರಿ ಇರುವ ಈ ವ್ಯವಸ್ಥೆಯಲ್ಲಿ ಸದಸ್ಯ ದೇಶಗಳ ಕೊಡುಕೊಳ್ಳುವಿಕೆಯನ್ನು ಎರಡು ತಿಂಗಳ ಕಾಲ ಬರೆದಿಟ್ಟು, ವಜಾ ಹಾಕಿ, ಉಳಿದ ಬಾಕಿಯನ್ನಷ್ಟೇ ತೀರಿಸುತ್ತಾರೆ. 2022ರಲ್ಲಿ ಶ್ರೀಲಂಕಾದ ಕೈಯಲ್ಲಿ ಡಾಲರ್ ಖಾಲಿಯಾದಾಗ ಈ ಬಾಕಿಗಳ ಪಾವತಿಯನ್ನು ಮುಂದೂಡಿದ್ದೂ ಭಾರತದ ನೆರವಿನ ಭಾಗವಾಗಿತ್ತು. ಆ ವರ್ಷ ಭಾರತ ನೀಡಿದ ನೆರವಿನ ಒಟ್ಟು ಮೊತ್ತ ಸುಮಾರು 400 ಕೋಟಿ ಡಾಲರ್. ಅದೇ ವರ್ಷದ ಜುಲೈಯಲ್ಲಿ ರಿಸರ್ವ್ ಬ್ಯಾಂಕ್ ರೂಪಾಯಿಯಲ್ಲೇ ವಿದೇಶ ವ್ಯಾಪಾರದ ಲೆಕ್ಕ ತೀರಿಸಲು ದಾರಿ ಮಾಡಿತು.

ಬ್ರಿಕ್ಸ್ ದೇಶಗಳ ನ್ಯೂ ಡೆವಲಪ್‌ಮೆಂಟ್ ಬ್ಯಾಂಕ್ 2015ರಲ್ಲಿ ಶಾಂಘೈನಲ್ಲಿ ಬಾಗಿಲು ತೆರೆಯಿತು. ಮಂಗಳೂರಿನಲ್ಲಿ ಹುಟ್ಟಿ ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದಿದ ಕೆ.ವಿ. ಕಾಮತ್ ಅದರ ಮೊದಲ ಅಧ್ಯಕ್ಷರು. ಐದು ಸ್ಥಾಪಕ ದೇಶಗಳ ಬಂಡವಾಳ ಸಮ, ಮತವೂ ಸಮ. ಐಎಂಎಫ್‌ನಲ್ಲಿ ಸಿಗದ ಸಮಾನತೆ ಇದು. ಆದರೂ ಜಾಗತಿಕ ಹಣಪೇಟೆಯ ಮರ್ಜಿ ತಪ್ಪಲಿಲ್ಲ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದೊಡನೆ ಸ್ಥಾಪಕ ಸದಸ್ಯನಾದ ರಷ್ಯಾದಲ್ಲಿನ ಹೊಸ ವಹಿವಾಟನ್ನು ಬ್ಯಾಂಕೇ ತಡೆಹಿಡಿಯಿತು.

ಚೀನಾದ ಸಾಲದ ಚರಿತ್ರೆ ಇನ್ನೂ ಹಳೆಯದು. ತಾಮ್ರದ ದೇಶವಾದ ಜಾಂಬಿಯಾಕ್ಕೆ ಸಮುದ್ರವಿಲ್ಲ, ದಕ್ಷಿಣದ ದಾರಿ ಬಿಳಿಯರ ಆಳ್ವಿಕೆಯ ರೊಡೇಷಿಯಾದ ಕೈಯಲ್ಲಿತ್ತು. ತಾಂಜಾನಿಯಾದ ದಾರ್ ಎಸ್ ಸಲಾಮ್‌ಗೆ ಹಳಿ ಹಾಕಲು ವಿಶ್ವಬ್ಯಾಂಕಾಗಲಿ ಪಶ್ಚಿಮದ ದೇಶಗಳಾಗಲಿ ಹಣ ಕೊಡಲಿಲ್ಲ. ಆಗಿನ್ನೂ ಬಡದೇಶವಾಗಿದ್ದ ಚೀನಾ ಬಡ್ಡಿಯಿಲ್ಲದ ಸಾಲ ಕೊಟ್ಟು, ಸಾವಿರಾರು ಕೆಲಸಗಾರರನ್ನು ಕಳಿಸಿ 1970ರಿಂದ 1975ರೊಳಗೆ 1,860 ಕಿಲೋಮೀಟರ್ ತಾಜಾರಾ ರೈಲುಮಾರ್ಗ ಕಟ್ಟಿತು. ಅದೇ ಚೀನಾದ ಕಂಪನಿಗೆ 2017ರಲ್ಲಿ ಶ್ರೀಲಂಕಾ ಹಂಬನ್‌ತೋಟ ಬಂದರನ್ನು 99 ವರ್ಷ ಗುತ್ತಿಗೆಗೆ ಕೊಟ್ಟಾಗ ‘ಸಾಲದ ಬಲೆ’ ಎಂಬ ಮಾತು ಜಗತ್ತಿನೆಲ್ಲೆಡೆ ಹಬ್ಬಿತು. ಶ್ರೀಲಂಕಾ ದಿವಾಳಿಯಾದಾಗ ಅದರ ವಿದೇಶಿ ಸಾಲದಲ್ಲಿ ದೊಡ್ಡ ಪಾಲು ಪಾಶ್ಚಾತ್ಯ ಹಣಪೇಟೆಯಲ್ಲಿ ಮಾರಿದ ಬಾಂಡುಗಳದ್ದಾಗಿತ್ತು ಎಂಬುದು ಮಾತ್ರ ಅಷ್ಟು ಹಬ್ಬಲಿಲ್ಲ. ಭಾರತದ ಎಕ್ಸಿಮ್ ಬ್ಯಾಂಕಿನ ರಿಯಾಯಿತಿ ಸಾಲಗಳಿಗೂ ಷರತ್ತಿದೆ: ಸಾಮಾನ್ಯವಾಗಿ ಸರಕು ಮತ್ತು ಸೇವೆಯ ಮುಕ್ಕಾಲು ಪಾಲನ್ನು ಭಾರತದಿಂದಲೇ ಕೊಳ್ಳಬೇಕು.

ತಿಳಿವಳಿಕೆಯ ಸಾಗಣೆ

ಸರಕಿಗಿಂತ ಸುಲಭವಾಗಿ ಗಡಿ ದಾಟಿದ್ದು ತಿಳಿವಳಿಕೆ. 1964ರ ಸೆಪ್ಟೆಂಬರ್‌ನಲ್ಲಿ ಶುರುವಾದ ಭಾರತದ ಐಟೆಕ್ ಯೋಜನೆಯಡಿ ಏಷ್ಯಾ, ಆಫ್ರಿಕಾದ ಅಧಿಕಾರಿಗಳು, ತಂತ್ರಜ್ಞರು ಇಂದಿಗೂ ಇಲ್ಲಿಗೆ ತರಬೇತಿಗೆ ಬರುತ್ತಾರೆ. ನೈಜೀರಿಯಾದ ಓಶೊಗ್ಬೊದಲ್ಲಿ ಯಂತ್ರೋಪಕರಣ ಕಾರ್ಖಾನೆ ಎದ್ದಾಗ ತಾಂತ್ರಿಕ ಪಾಲುದಾರನಾಗಿದ್ದುದು ಬೆಂಗಳೂರಿನ ಎಚ್‌ಎಂಟಿ. 2009ರಲ್ಲಿ ಉದ್ಘಾಟನೆಯಾದ ಪ್ಯಾನ್ ಆಫ್ರಿಕಾ ಇ–ನೆಟ್‌ವರ್ಕ್ ಮೂಲಕ ಭಾರತದ ದೊಡ್ಡ ಆಸ್ಪತ್ರೆಗಳ ವೈದ್ಯರು ಆಫ್ರಿಕಾದ ವೈದ್ಯರಿಗೆ ದೂರದಿಂದಲೇ ಸಲಹೆ ಕೊಟ್ಟರು. ತಳಿಗಳೂ ಗಡಿ ದಾಟಿವೆ: ಬ್ರೆಜಿಲ್‌ನ ಹುಲ್ಲುಗಾವಲುಗಳಲ್ಲಿ ಮೇಯುವ ನೆಲೋರ್ ದನಗಳ ಮೂಲ ಆಂಧ್ರದ ಒಂಗೋಲು ತಳಿ. ಅಲ್ಲಿನ ಗೋಮಾಂಸದ ರಫ್ತು ಬಹುಮಟ್ಟಿಗೆ ನಿಂತಿರುವುದೇ ಅದರ ಮೇಲೆ.

ಇವೆಲ್ಲಕ್ಕಿಂತ ಹೆಚ್ಚು ಜೀವ ಉಳಿಸಿದ್ದು ಒಂದು ಔಷಧ ಬೆಲೆಪಟ್ಟಿ. 2001ರ ಫೆಬ್ರುವರಿಯಲ್ಲಿ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಎಚ್‌ಐವಿಗೆ ಬೇಕಾದ ಮೂರು ಔಷಧಗಳ ಚಿಕಿತ್ಸೆಯನ್ನು ಒಬ್ಬ ರೋಗಿಗೆ ವರ್ಷಕ್ಕೆ 350 ಡಾಲರ್‌ಗೆ ಕೊಡುವುದಾಗಿ ಹೇಳಿದರು. ಪಾಶ್ಚಾತ್ಯ ಕಂಪನಿಗಳ ಬೆಲೆ ಆಗ 10,000 ಡಾಲರ್‌ಗೂ ಮೇಲಿತ್ತು. ಭಾರತದ ಅಂದಿನ ಪೇಟೆಂಟ್ ಕಾಯ್ದೆ ಔಷಧದ ತಯಾರಿಕಾ ವಿಧಾನಕ್ಕೆ ಮಾತ್ರ ಹಕ್ಕು ಕೊಡುತ್ತಿತ್ತು, ಔಷಧಕ್ಕೆ ಕೊಡುತ್ತಿರಲಿಲ್ಲ. ಹಾಗಾಗಿ ಇದು ಸಾಧ್ಯವಾಯಿತು. ಯಾವ ಶೃಂಗಸಭೆಯೂ ಇದನ್ನು ಯೋಜಿಸಿರಲಿಲ್ಲ.

ಗೇರುಬೀಜ ಸುಲಿಯುವವರು ಯಾರು?

ಈ ವ್ಯಾಪಾರದ ಅತಿ ಸೂಕ್ಷ್ಮ ಪ್ರಶ್ನೆ ಕಚ್ಚಾ ಸರಕಿನದು. ಬ್ರೆಜಿಲ್ ಚೀನಾಕ್ಕೆ ಸೋಯಾ ಮತ್ತು ಕಬ್ಬಿಣದ ಅದಿರು ಕಳಿಸಿ ಯಂತ್ರ, ಕಾರು ತರಿಸಿಕೊಳ್ಳುತ್ತದೆ. ಪ್ರೆಬಿಶ್ ಉತ್ತರದ ದೇಶಗಳ ಮೇಲೆ ಹೊರಿಸಿದ್ದ ಆರೋಪ ಈಗ ದಕ್ಷಿಣದೊಳಗೇ ತಿರುಗುತ್ತಿದೆ. ಭಾರತ ಇಂಥ ಆರೋಪಕ್ಕೆ ಗುರಿಯಾಗುವ ಒಂದು ಸರಕು ಗೇರುಬೀಜ.

ಕರಾವಳಿಯ ಗೇರು ಕಾರ್ಖಾನೆಗಳು ವರ್ಷಪೂರ್ತಿ ನಡೆಯಲು ಇಲ್ಲಿನ ಬೆಳೆ ಸಾಲದು. ಫೆಬ್ರುವರಿಯಿಂದ ಜೂನ್‌ವರೆಗೆ ಐವರಿ ಕೋಸ್ಟ್, ಗಿನಿ ಬಿಸಾವ್‌ಗಳಿಂದ (2024ರವರೆಗೆ ಬೆನಿನ್‌ನಿಂದಲೂ), ವರ್ಷದ ಕೊನೆಗೆ ತಾಂಜಾನಿಯಾ, ಮೊಜಾಂಬಿಕ್‌ಗಳಿಂದ ಹಸಿ ಬೀಜ ಹಡಗಿನಲ್ಲಿ ನವಮಂಗಳೂರು ಬಂದರಿಗೆ ಬರುತ್ತದೆ. ಕೊಳ್ಳುವವರು ಗೋಣಿಯಿಂದ ಒಂದು ಕಿಲೋ ಮಾದರಿ ತೆಗೆದು, ಒಂದೊಂದೇ ಬೀಜ ಕತ್ತರಿಸಿ, ಒಳ್ಳೆಯ ತಿರುಳು, ಹುಳುಕು, ಜೊಳ್ಳು ಬೇರೆ ಮಾಡಿ ತೂಗುತ್ತಾರೆ. 80 ಕಿಲೋ ಚೀಲದಿಂದ ಎಷ್ಟು ಪೌಂಡ್ ತಿರುಳು ಸಿಕ್ಕೀತು ಎಂಬ ಈ ಲೆಕ್ಕಕ್ಕೆ ‘ಔಟ್‌ಟರ್ನ್’ ಎನ್ನುತ್ತಾರೆ, ಬೆಲೆ ನಿಂತಿರುವುದು ಅದರ ಮೇಲೆ. ಕಾರ್ಖಾನೆಯಲ್ಲಿ ಬೀಜವನ್ನು ಹಬೆಯಲ್ಲಿ ಬೇಯಿಸಿ, ಆರಿಸಿ, ಸಿಪ್ಪೆ ಒಡೆದು, ತಿರುಳನ್ನು ಒಣಗಿಸಿ, ಕೆಂಪು ಪೊರೆ ತೆಗೆದು, ಗಾತ್ರಕ್ಕೆ ತಕ್ಕಂತೆ ವಿಂಗಡಿಸುತ್ತಾರೆ. ‘ಡಬ್ಲ್ಯು 320’ ಎಂದರೆ ಪೌಂಡಿಗೆ 300ರಿಂದ 320 ಇಡೀ ಬೀಜ. ಕೆಲಸಗಾರರಲ್ಲಿ ಹೆಚ್ಚಿನವರು ಹೆಂಗಸರು. ಸಿಪ್ಪೆಯ ಎಣ್ಣೆ ತಾಗಿದರೆ ಕೈ ಸುಡುತ್ತದೆ. ಸುಮಾರು ನಾಲ್ಕು ಕಿಲೋ ಹಸಿ ಬೀಜಕ್ಕೆ ಒಂದು ಕಿಲೋ ತಿರುಳು.

ಆಚೆ ದಡದಲ್ಲಿ ಗಿನಿ ಬಿಸಾವ್‌ನ ರಫ್ತು ಆದಾಯದಲ್ಲಿ ಶೇ 90ರಷ್ಟು ಈ ಒಂದು ಬೀಜದಿಂದಲೇ. ಅಲ್ಲಿನ ರೈತ ಹಲವೊಮ್ಮೆ ಗೇರುಬೀಜ ಕೊಟ್ಟು ಏಷ್ಯಾದಿಂದ ಬಂದ ಅಕ್ಕಿಯನ್ನು ಪಡೆಯುತ್ತಾನೆ. ಅಕ್ಕಿಗೂ ಬೀಜಕ್ಕೂ ದರ ಕಟ್ಟುವವನು ನಡುವಿನ ವ್ಯಾಪಾರಿ. 2008ರ ಏಪ್ರಿಲ್‌ನಲ್ಲಿ ಅತಿ ಹಿಂದುಳಿದ ದೇಶಗಳಿಗೆ ಭಾರತ ಸುಂಕ ರಿಯಾಯಿತಿ ಘೋಷಿಸಿದಾಗ ಪಟ್ಟಿಯಲ್ಲಿ ಗೇರುಬೀಜವೂ ಇತ್ತು. ಆದರೆ ಹಸಿ ಬೀಜ ಮೊದಲಿನಂತೆಯೇ ಮಂಗಳೂರು, ಕೊಲ್ಲಂನ ಕಾರ್ಖಾನೆಗಳಿಗೆ ಬರುತ್ತಲೇ ಇತ್ತು. ಸುಲಿಯುವ ಕೂಲಿ ಮತ್ತು ತಿರುಳಿನ ಲಾಭ ಆಫ್ರಿಕಾದಲ್ಲಿ ಉಳಿಯಲಿಲ್ಲ. ಅಷ್ಟರಲ್ಲಿ ಯಂತ್ರಗಳಿಂದ ಸುಲಿಯಲು ಕಲಿತ ವಿಯೆಟ್ನಾಂ ತಿರುಳಿನ ರಫ್ತಿನಲ್ಲಿ ಭಾರತವನ್ನು ಹಿಂದಿಕ್ಕಿತ್ತು. ಈಗ ಆಫ್ರಿಕಾದ ಕಾರ್ಖಾನೆಗಳಿಗೆ ಯಂತ್ರ ಮಾರುವುದೂ ಅದೇ.

ಬೆನಿನ್ 2024ರ ಏಪ್ರಿಲ್‌ನಿಂದ ಹಸಿ ಗೇರುಬೀಜದ ರಫ್ತನ್ನೇ ನಿಷೇಧಿಸಿ, ಗ್ಲೊ–ಜಿಗ್ಬೆ ಕೈಗಾರಿಕಾ ವಲಯದಲ್ಲಿ ಸುಲಿಯುವ ಕಾರ್ಖಾನೆಗಳನ್ನು ಕೂರಿಸಿದೆ. ಕರಾವಳಿಯ ಉದ್ಯಮಕ್ಕೆ ಇದರಿಂದ ಕಷ್ಟವಾಗುವುದು ನಿಜ. ಆದರೆ ಕಚ್ಚಾ ಸರಕನ್ನು ಬೆಳೆದ ನಾಡಿನಲ್ಲೇ ಸಂಸ್ಕರಿಸಬೇಕೆಂದು ಬಾಂಡುಂಗ್‌ನ ಹೇಳಿಕೆಗೆ ಸಹಿ ಹಾಕಿದ 29 ದೇಶಗಳಲ್ಲಿ ಭಾರತವೂ ಒಂದು. ಬೆನಿನ್‌ನ ನಿರ್ಧಾರವನ್ನು ಅನ್ಯಾಯ ಎನ್ನಲು ಭಾರತಕ್ಕೆ ಆಧಾರವಿಲ್ಲ.